ಹಿಮ್ಮಡಿಯ ತಿರುವು

ಶಿಕಾರಿಪುರ

ಪ್ರೀತಿಯ ಚಿಕ್ಕಮ್ಮ,

ನೀನು ಕಳಿಸಿದ ಮರದ ಹಿಡಿ ಬಂದು ಮುಟ್ಟಿತು. ಸಾದಾ ಇರಲಿ ಎಂದು ಎಷ್ಟು ಹೇಳಿದ್ದರೂ ನಿಮ್ಮ ಸೊರಬದ ಗುಡಿಗಾರರು ಸುತ್ತ ಒಂದೆಳೆ ಬಳ್ಳಿ ಕೆತ್ತದೆ ಬಿಟ್ಟಿಲ್ಲ! ಗಂಧದಲ್ಲಿ ದೇವರನ್ನೂ ಬೆಂಡಿನಲ್ಲಿ ಬಾಸಿಂಗವನ್ನೂ ಮಾಡುವ ಕೈಗೆ ಕಾಲುಚೀಲದ ಯಂತ್ರದ ಹಿಡಿ ಎಂದರೆ ಸಪ್ಪೆ ಅನಿಸಿರಬೇಕು. ಬಳ್ಳಿ ಇರುವುದರಿಂದ ಅಂಗೈ ಜಾರುವುದಿಲ್ಲ, ಅವರಿಗೆ ಹೇಳು.

ಗುಜರಿಯಿಂದ ತೂಕಕ್ಕೆ ಕೊಂಡು ತಂದಾಗ "ಇದೇನೋ, ಶಾವಿಗೆ ಒರಳಾ?" ಅಂದಿದ್ದೆಯಲ್ಲ, ಆ ಯಂತ್ರ ಈಗ ತಿರುಗುತ್ತದೆ. ನಡೆಯೂ ಶಾವಿಗೆ ಒರಳಿನದೇ: ಮೇಜಿನ ಅಂಚಿಗೆ ಬಿಗಿ, ಹಿಡಿ ತಿರುಗಿಸು, ಕೆಳಗೆ ಇಳಿಯುತ್ತದೆ. ತುಕ್ಕಿಗಿಂತ ಹೆಚ್ಚು ಕಾಡಿಸಿದ್ದು ಕೊಬ್ಬರಿ ಎಣ್ಣೆ. ಯಾರೋ ಪುಣ್ಯಾತ್ಮರು ಧಾರಾಳವಾಗಿ ಸುರಿದಿಟ್ಟಿದ್ದರು. ವರ್ಷಗಟ್ಟಲೆ ನಿಂತು ಅಂಟಾಗಿ, ಸೂಜಿ ಓಡಾಡುವ ಸೀಳುಗಳೆಲ್ಲ ಮುಚ್ಚಿಹೋಗಿದ್ದವು. ತೊಳೆಯೋಣವೆಂದರೆ ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಹೇಳು. ಸಿಲಿಂಡರನ್ನು ಡೀಸೆಲ್ಲಿನಲ್ಲಿ ನೆನೆಹಾಕಿ, ಹಳೇ ಟೂತ್‌ಬ್ರಷ್‌ನಿಂದ ಒಂದೊಂದೇ ಸೀಳು ಉಜ್ಜಿದೆ. ಉಪ್ಪುಕಾಗದ ಮುಟ್ಟಿಸಲಿಲ್ಲ, ಸೀಳು ಸ್ವಲ್ಪ ಸಡಿಲವಾದರೂ ಸೂಜಿ ಓಲಾಡುತ್ತದೆ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ, ಅದೂ ಹನಿ ಲೆಕ್ಕದಲ್ಲಿ.

ಸೂಜಿ ಒಟ್ಟು 72. ಮುರಿದವಕ್ಕೆ ಬದಲಿ ಲೂಧಿಯಾನದಿಂದ ಬಂತು. ಒಂದನ್ನು ಬೆಳಕಿಗೆ ಹಿಡಿದು ನೋಡಬೇಕು ನೀನು. ತುದಿಯಲ್ಲಿ ಕೊಕ್ಕೆ, ಅದರ ಕೆಳಗೆ ಪುಟ್ಟ ನಾಲಿಗೆ. ಸೂಜಿ ಮೇಲೇಳುವಾಗ ಹಳೇ ಕುಣಿಕೆ ನಾಲಿಗೆಯನ್ನು ತೆರೆದು ಕೆಳಗೆ ಸರಿಯುತ್ತದೆ. ಹೊಸ ನೂಲು ಕೊಕ್ಕೆಗೆ ಬೀಳುತ್ತದೆ. ಇಳಿಯುವಾಗ ಅದೇ ಹಳೇ ಕುಣಿಕೆ ನಾಲಿಗೆಯನ್ನು ಮುಚ್ಚಿ, ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಸ್ಪ್ರಿಂಗೂ ಇಲ್ಲ, ಏನೂ ಇಲ್ಲ. ವಿಲಿಯಂ ಲೀ ಕಾಲುಚೀಲ ಹೆಣೆಯುವ ಚೌಕಟ್ಟು ಮಾಡಿದ್ದು 1589ರಲ್ಲಿ. ಈ ನಾಲಿಗೆ ಸೂಜಿ ಬರಲು 19ನೇ ಶತಮಾನದ ನಡುಭಾಗದವರೆಗೆ, ಲೆಸ್ಟರ್‌ನ ಮ್ಯಾಥ್ಯೂ ಟೌನ್‌ಸೆಂಡ್‌ವರೆಗೆ ಕಾಯಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ಕಂದಕದ ಕೆಸರಿಗೆ ಸಿಪಾಯಿಗಳ ಕಾಲು ಕೊಳೆಯತೊಡಗಿದಾಗ ಹೆಂಗಸರು ಮನೆಯಲ್ಲಿ ಕೂತು ತಿರುಗಿಸಿದ್ದು ಇಂಥ ಯಂತ್ರಗಳನ್ನೇ.

ನೂಲಿನದು ಇನ್ನೊಂದು ರಗಳೆ. ರಾಣೆಬೆನ್ನೂರು ಕಡೆಯ ಕಂಬಳಿ ನೂಲು ತಂದು ನೋಡಿದೆ. ಒರಟು, ಕೊಕ್ಕೆಯಲ್ಲೇ ತುಂಡಾಗುತ್ತದೆ. ಹತ್ತಿ ಹಿಗ್ಗುವುದಿಲ್ಲ. ಕೊನೆಗೆ ಪೇಟೆಯ ನಯವಾದ ಉಣ್ಣೆಯೇ ಗತಿ.

ಕೊಳವೆಯಾದರೆ ಎಷ್ಟುದ್ದ ಬೇಕಾದರೂ ಇಳಿಯುತ್ತದೆ, ಅದರಲ್ಲೇನೂ ಜಾಣತನವಿಲ್ಲ. ಹಿಮ್ಮಡಿ ಬಂದಾಗ ಹಿಡಿ ಸುತ್ತುವುದನ್ನು ಬಿಟ್ಟು ಅತ್ತಿತ್ತ ಆಡಿಸಬೇಕು. ಮುಂಗಾಲಿನ ಕಡೆಯ ಅರ್ಧ ಸೂಜಿಗಳನ್ನು ಎತ್ತಿ ಸುಮ್ಮನಿರಿಸಿ, ಉಳಿದ 36ರಲ್ಲಿ ಪ್ರತಿ ಸಲ ಅಂಚಿನದೊಂದನ್ನು ಎತ್ತುತ್ತ ಹೋಗಿ, ಮೂರರಲ್ಲೊಂದು ಪಾಲು ಉಳಿದಾಗ ಮತ್ತೆ ಒಂದೊಂದಾಗಿ ಇಳಿಸುತ್ತ ಬರಬೇಕು. ಕೆಳಗೆ ಜೋತುಬಿಟ್ಟ ತೂಕ ಹಿಮ್ಮಡಿಯ ಕಡೆಗೇ ಜಗ್ಗುತ್ತಿರಬೇಕು, ಇಲ್ಲದಿದ್ದರೆ ಕುಣಿಕೆ ಸೂಜಿಯ ಜೊತೆಗೇ ಮೇಲೇಳುತ್ತದೆ. ಮೊದಮೊದಲು ಮೂಲೆಯಲ್ಲಿ ಸಾಲು ತೂತು ಬಿದ್ದವು. ನೀನು ಕಡ್ಡಿಯಲ್ಲಿ ಹೆಣೆಯುವಾಗ ತಿರುಗುವ ಮುಂಚೆ ಪಕ್ಕದ ಕುಣಿಕೆಯ ಬುಡಕ್ಕೆ ನೂಲು ಸುತ್ತುತ್ತಿದ್ದೆಯಲ್ಲ, ಅದು ನೆನಪಾಯಿತು. ಇಲ್ಲಿ ನೂಲು ಬಂದು ನಿಂತ ಕಡೆಯ ಸೂಜಿಯನ್ನೇ ಎತ್ತಿದರೆ ಆ ಸುತ್ತು ತಾನೇ ಬೀಳುತ್ತದೆ. ಯಂತ್ರದ ಪುಸ್ತಕ ಓದಿದ್ದಕ್ಕಿಂತ ನಿನ್ನ ಪಕ್ಕ ಕೂತದ್ದೇ ಉಪಯೋಗಕ್ಕೆ ಬಂತು.

ಬೆರಳ ತುದಿಯೂ ಹೀಗೇ. ಆದರೆ ಕೊನೆಯ ಬಾಯನ್ನು ಹೆಣಿಗೆಯಂತೆಯೇ ಕಾಣುವ ಹಾಗೆ ಕೈಯಲ್ಲಿ ಹೊಲಿಯಬೇಕು. ಅದು ನಿನ್ನ ಕೆಲಸ. ಬಾಯಿ ಬಿಟ್ಟ ಜೋಡಿಯೊಂದನ್ನು ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿಗೆ ಕೊಡುತ್ತೇನೆ. ಉಂಬಳಕ್ಕೆ ಆಗುತ್ತಾ ಎಂದು ಚಿಕ್ಕಪ್ಪ ಕೇಳಿಯೇ ಕೇಳುತ್ತಾರೆ. ಆಗಲ್ಲ ಅನ್ನು, ಹೆಣಿಗೆಯ ಕಣ್ಣಲ್ಲಿ ಉಂಬಳ ಆರಾಮಾಗಿ ನುಸುಳುತ್ತದೆ, ಚಂದ್ರಗುತ್ತಿ ಕಡೆಯ ತೋಟಕ್ಕೆ ಅವರ ದಪ್ಪ ಬಟ್ಟೆಯದೇ ಸರಿ. ಇದು ರಾತ್ರಿ ಮಲಗುವಾಗ ಹಾಕಿಕೊಳ್ಳಲು. ಮುಂದಿನ ಜೋಡಿ ನಿನಗೆ. ಎಡಗಾಲಿನ ಊತ ಇನ್ನೂ ಇದ್ದರೆ ಎರಡೂ ಪಾದದ ಅಳತೆ ಬೇರೆಬೇರೆಯಾಗಿ, ಸಂಜೆ ಹೊತ್ತು ತೆಗೆದು ಬರೆ.

ನಿನ್ನ ಮಗ