ಹಸಿರು ಅಂಗಿಗಳ ಮಂಗಳವಾರ

ಸೋತು ಸುಣ್ಣವಾಗಿದ್ದ ತಂಡವೊಂದರ ಆಟಕ್ಕೆ 27,759 ಜನ ಬಂದ ರಾತ್ರಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ನೋಡಿದರೂ ಒಂದೇ ಬಗೆಯ ಹಸಿರು ಅಂಗಿ. ಅದರ ಎದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು: ಮಾರು. ತಂಡದ ಮಾಲೀಕನಿಗೆ ಊರಿನವರು ಹೇಳುತ್ತಿದ್ದದ್ದು ಅಷ್ಟೇ. ನಿನಗೆ ಬೇಡವಾದರೆ ಬೇರೆಯವರಿಗೆ ಮಾರು, ಆದರೆ ತಂಡವನ್ನು ನಮ್ಮೂರಿನಿಂದ ಕೀಳಬೇಡ. 2023ರ ಜೂನ್ 13, ಮಂಗಳವಾರ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್.

ನೀವೆಲ್ಲ ಕ್ರಿಕೆಟ್ ನೋಡಿ ಬೆಳೆದವರು. ಬೇಸ್‌ಬಾಲಿನ ನಿಯಮಗಳನ್ನು ಹೇಳುತ್ತಾ ಕೂತರೆ ಬೆಳಗಾಗುತ್ತದೆ, ಅದು ಬೇಡ. ಈ ಕಥೆಗೆ ಬೇಕಾದದ್ದು ಅದರ ವ್ಯವಹಾರ. ಆರ್‌ಸಿಬಿ 2025ರಲ್ಲಿ ಕಪ್ ಗೆಲ್ಲುವ ಹೊತ್ತಿಗೆ ಅದು ಹದಿನೆಂಟನೆಯ ಸೀಸನ್. ಅಷ್ಟೂ ವರ್ಷ ಬೆಂಗಳೂರಿನವರು ಸೋಲು ನುಂಗಿದರು. ಆದರೆ ‘ಹೊಸ ಮೈದಾನ ಕಟ್ಟಿಕೊಡಿ, ಇಲ್ಲವಾದರೆ ತಂಡ ಎತ್ತಿಕೊಂಡು ಬೇರೆ ಊರಿಗೆ ಹೋಗುತ್ತೇವೆ’ ಎಂದು ಅವರನ್ನು ಯಾರೂ ಹೆದರಿಸಲಿಲ್ಲ. ಅಮೆರಿಕದಲ್ಲಿ ಮಾಲೀಕರ ಕೈಯಲ್ಲಿ ಸದಾ ಇರುವ ಅಸ್ತ್ರ ಅದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆಂದು ಫ್ರೀಮಾಂಟಿಗೆ ಬಂದೆ. ಸುತ್ತಮುತ್ತ ಕನ್ನಡದ ಮನೆಗಳು ಬೇಕಾದಷ್ಟಿದ್ದವು. ಆಟದ ಹುಚ್ಚಿನವರು ಹೆಚ್ಚಾಗಿ ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ಕಡೆ. ನನ್ನನ್ನು ಓಕ್‌ಲ್ಯಾಂಡಿನ ಅಥ್ಲೆಟಿಕ್ಸ್ ತಂಡಕ್ಕೆ ಕಟ್ಟಿಹಾಕಿದ್ದು ಬಾರ್ಟ್ ರೈಲು. ಫ್ರೀಮಾಂಟಿನಲ್ಲಿ ಹತ್ತಿದರೆ ಕಾಲಿಸಿಯಂ ನಿಲ್ದಾಣದಲ್ಲಿ ಇಳಿಯುವುದು. ಅಲ್ಲಿಂದ ಒಂದು ಕಾಲುಸೇತುವೆ ದಾಟಿದರೆ ಮೈದಾನ. 1966ರಲ್ಲಿ ತೆರೆದ ಕಾಂಕ್ರೀಟಿನ ದೊಡ್ಡ ಬಟ್ಟಲು ಅದು. ಚಂದವೇನಿಲ್ಲ. ಫುಟ್‌ಬಾಲಿನವರಿಗಾಗಿ ತೊಂಬತ್ತರ ದಶಕದಲ್ಲಿ ಎಬ್ಬಿಸಿದ ಎತ್ತರದ ಗ್ಯಾಲರಿಯೊಂದು ಆಚೆ ಕಾಣುತ್ತಿದ್ದ ಬೆಟ್ಟಗಳನ್ನೂ ಮುಚ್ಚಿಹಾಕಿತ್ತು. ಆದರೂ ರೈಟ್ ಫೀಲ್ಡಿನ ಹಿಂದಿನ ಬೆಂಚುಗಳಲ್ಲಿ ಡೋಲು ಬಾರಿಸುವವರಿದ್ದರು, ಬಾವುಟ ಬೀಸುವವರಿದ್ದರು, ಪಕ್ಕದಲ್ಲಿ ಕೂತವನು ಯಾರೆಂದು ಕೇಳದೆ ಕಡಲೆಕಾಯಿ ಹಂಚುವವರಿದ್ದರು. ಹೊಸದಾಗಿ ಬಂದ ನನಗೆ ಆ ಊರು ಮೊದಲು ಮಾತಾಡಿಸಿದ್ದು ಅಲ್ಲೇ. ತಂಡ ಕೂಡ ವಲಸೆ ಬಂದದ್ದೇ ತಾನೇ: ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ, ನಡುವೆ ಕ್ಯಾನ್ಸಸ್ ಸಿಟಿ, 1968ರಲ್ಲಿ ಓಕ್‌ಲ್ಯಾಂಡ್. ಬಂದಮೇಲೆ 1972, 73, 74, ಮತ್ತೆ 1989, ನಾಲ್ಕು ಸಲ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟಿತು.

ಬಡತನ ಈ ತಂಡಕ್ಕೆ ಹೊಸದಲ್ಲ, ಅದನ್ನು ಇಲ್ಲೇ ಹೇಳಬೇಕು. 2002ರಲ್ಲಿ ಆಟಗಾರರ ಸಂಬಳಕ್ಕೆಂದು ಅಥ್ಲೆಟಿಕ್ಸ್ ಇಟ್ಟ ಹಣ ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕ್ ಯಾಂಕೀಸ್ ಇಟ್ಟದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಮುಖ್ಯ ಆಟಗಾರ ಜೇಸನ್ ಜಿಯಾಂಬಿಯನ್ನು ಹಿಂದಿನ ಚಳಿಗಾಲದಲ್ಲಿ ಆ ಯಾಂಕೀಸೇ ಹೊತ್ತೊಯ್ದಿತ್ತು. ಆಗ ತಂಡ ಕಟ್ಟುತ್ತಿದ್ದ ಬಿಲ್ಲಿ ಬೀನ್ ಬೇರೆಯವರು ಬೇಡವೆಂದು ಬಿಟ್ಟ ಆಟಗಾರರನ್ನು ಲೆಕ್ಕ ಹಾಕಿ ಆರಿಸಿದರು. ಆ ವರ್ಷ ಸತತ 20 ಆಟ ಗೆದ್ದೆವು. ಇಪ್ಪತ್ತನೆಯದು ಸೆಪ್ಟೆಂಬರ್ 4ರಂದು. 11–0 ಮುಂದಿದ್ದ ತಂಡ ಕೊನೆಗೆ 11–11ಕ್ಕೆ ಬಂದು ನಿಂತಿತು; ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಸ್ಕಾಟ್ ಹ್ಯಾಟ್‌ಬರ್ಗ್ ಎಂಬಾತ ಹೋಮ್ ರನ್ ಬಾರಿಸಿದ. ಐವತ್ತೈದು ಸಾವಿರ ಜನ ಕುಣಿದರು. ಇದೇ ಕಥೆ ‘ಮನಿಬಾಲ್’ ಎಂಬ ಪುಸ್ತಕವಾಯಿತು, ಸಿನಿಮಾ ಆಯಿತು, ನೀವು ನೋಡಿರುತ್ತೀರಿ.

ಆ ಕಾಲದಲ್ಲೂ ಕೈಯಲ್ಲಿ ಕಾಸಿರಲಿಲ್ಲ, ಆದರೆ ಗೆಲ್ಲಬೇಕೆಂಬ ಹಟ ಇತ್ತು. ಆಮೇಲಿನವರು ಹಟ ಬಿಟ್ಟರು, ಕಾಸಿಲ್ಲ ಎಂಬ ನೆಪವನ್ನು ಮಾತ್ರ ಇಟ್ಟುಕೊಂಡರು. ನನ್ನ ಸಿಟ್ಟಿನ ಬೇರು ಅಲ್ಲಿದೆ.

ಈ ಭಾಗ ಉದ್ದ ಇದೆ.

2005ರಲ್ಲಿ ತಂಡ ಲ್ಯೂ ವುಲ್ಫ್ ಮತ್ತು ಜಾನ್ ಫಿಷರ್ ಅವರ ಕೈಗೆ ಬಂತು. ಫಿಷರ್ ಎಂದರೆ ಗ್ಯಾಪ್ ಬಟ್ಟೆ ಅಂಗಡಿಗಳನ್ನು ಕಟ್ಟಿದ ದಂಪತಿಯ ಮಗ. ನೂರಾರು ಕೋಟಿ ಡಾಲರಿನ ಆಸ್ತಿವಂತ. ಹೊಸ ಮೈದಾನದ ಹುಡುಕಾಟ ಶುರುವಾಯಿತು. ಮೊದಲು ನಮ್ಮ ಫ್ರೀಮಾಂಟೇ! 2006ರಲ್ಲಿ ಘೋಷಣೆ ಆಯಿತು, ಮನೆಮನೆಯಲ್ಲೂ ಅದೇ ಚರ್ಚೆ, 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆ. ಅದು ತಮ್ಮ ಹದ್ದು ಎಂದು ಜೈಂಟ್ಸ್ ಅಡ್ಡ ಬಂದರು. ಆಮೇಲೆ ಓಕ್‌ಲ್ಯಾಂಡಿನಲ್ಲೇ ಒಂದು ಕಾಲೇಜಿನ ಪಕ್ಕ. ಅದೂ ಆಗಲಿಲ್ಲ. ಕೊನೆಗೆ ಬಂದರಿನ ಹತ್ತಿರ ಹವರ್ಡ್ ಟರ್ಮಿನಲ್ ಎಂಬ ಜಾಗ. ಪ್ರತಿ ಸಲವೂ ಬಣ್ಣದ ಚಿತ್ರಗಳು, ಪ್ರತಿ ಸಲವೂ ನಾವು ನಂಬುವುದು.

ಇತ್ತ ತಂಡದ ಕಥೆ ನೋಡಿ. ಆಟಗಾರನೊಬ್ಬ ಮೇಜರ್ ಲೀಗಿಗೆ ಬಂದ ಮೊದಲ ಆರು ವರ್ಷ ತಂಡದ ಹಿಡಿತದಲ್ಲಿರುತ್ತಾನೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. ಆಮೇಲೆ ಮಧ್ಯಸ್ಥರ ಮುಂದೆ ಚೌಕಾಸಿಯಾಗಿ ಸಂಬಳ ಏರುತ್ತದೆ. ಆರು ಮುಗಿದರೆ ಸ್ವತಂತ್ರ. ಸಂಬಳ ಏರತೊಡಗಿದ ಕೂಡಲೇ ನಮ್ಮವರು ಆ ಆಟಗಾರನನ್ನು ಬೇರೆ ತಂಡಕ್ಕೆ ದಾಟಿಸಿ, ಬದಲಿಗೆ ಹೆಸರು ಕೇಳಿರದ ಹುಡುಗರನ್ನು ತರುತ್ತಿದ್ದರು. ಮಾವಿನ ಸಸಿ ನೆಟ್ಟು, ನೀರೆರೆದು, ಹೂ ಬಿಟ್ಟ ವರ್ಷವೇ ತೋಟ ಮಾರಿದ ಹಾಗೆ. 2021ರಲ್ಲಿ ತಂಡ 86 ಆಟ ಗೆದ್ದಿತ್ತು. ಮುಂದಿನ ಮಾರ್ಚಿನಲ್ಲಿ ಕೆಲವೇ ದಿನಗಳ ಒಳಗೆ ಕ್ರಿಸ್ ಬ್ಯಾಸಿಟ್ ಹೋದ, ಮ್ಯಾಟ್ ಓಲ್ಸನ್ ಹೋದ, ಮ್ಯಾಟ್ ಚಾಪ್‌ಮನ್ ಹೋದ. ಏಪ್ರಿಲಿನಲ್ಲಿ ಶಾನ್ ಮನಾಯಾ. ಡಿಸೆಂಬರಿನಲ್ಲಿ ಶಾನ್ ಮರ್ಫಿ. ಓಲ್ಸನ್ ಓದಿದ ಶಾಲೆ ಅಟ್ಲಾಂಟಾದ ಹತ್ತಿರವೇ. ಆ ಕಡೆಯ ಹುಡುಗ. 2023ರಲ್ಲಿ ಅವನು ಅಟ್ಲಾಂಟಾ ಪರವಾಗಿ 54 ಹೋಮ್ ರನ್ ಹೊಡೆದ. ಅದೇ ವರ್ಷ ನಾವು 112 ಆಟ ಸೋತೆವು.

ಆಟಗಾರರನ್ನು ಖಾಲಿ ಮಾಡಿದ ಆ 2022ರಲ್ಲೇ ಸೀಸನ್ ಟಿಕೆಟಿನ ದರ ಏರಿಸಿದರು, ಎಷ್ಟೋ ಸೀಟುಗಳಿಗೆ ದುಪ್ಪಟ್ಟಿನ ಹತ್ತಿರ. ಜನ ಬರುವುದು ಬಿಟ್ಟರು. ಇಡೀ ವರ್ಷಕ್ಕೆ 7,87,902 ಪ್ರೇಕ್ಷಕರು, ಲೀಗಿನಲ್ಲೇ ಅತಿ ಕಡಿಮೆ. 2023ರ ಮೇ 15ರ ರಾತ್ರಿ ಬಂದದ್ದು 2,064 ಜನ. ಆಗ ಟಿವಿಯಲ್ಲಿ ಒಂದೇ ರಾಗ: ನೋಡಿ, ಓಕ್‌ಲ್ಯಾಂಡಿನವರಿಗೆ ಬೇಸ್‌ಬಾಲ್ ಬೇಡ. 2019ರಲ್ಲಿ ಇದೇ ಮೈದಾನದ ಒಂದು ನಾಕೌಟ್ ಆಟಕ್ಕೆ 54,005 ಜನ ಬಂದಿದ್ದನ್ನು ಯಾರೂ ನೆನೆಯಲಿಲ್ಲ. ಬಂದವರನ್ನು ಓಡಿಸಿ, ಆಮೇಲೆ ಯಾರೂ ಬರುವುದಿಲ್ಲ ಎಂದು ದೂರುವುದು ಯಾವ ನ್ಯಾಯ? 2023ರ ಏಪ್ರಿಲಿನಲ್ಲೇ ಲಾಸ್ ವೇಗಸ್‌ನಲ್ಲಿ ಜಾಗ ಗೊತ್ತುಮಾಡಿದ್ದೇವೆ ಎಂದು ಆಡಳಿತದವರು ಹೇಳಿಬಿಟ್ಟರು.

ಆಗ ಅಭಿಮಾನಿಗಳಿಗೆ ಹೊಳೆದದ್ದು ಉಲ್ಟಾ ಬಹಿಷ್ಕಾರ. ಬಾರದೆ ಇರುವುದು ಮಾಲೀಕರಿಗೇ ಅನುಕೂಲ. ಹಾಗಾದರೆ ಒಂದು ರಾತ್ರಿ ಎಲ್ಲರೂ ಒಟ್ಟಿಗೆ ಬರೋಣ. ರಜೆಯಿಲ್ಲದ, ಬಿಟ್ಟಿ ಉಡುಗೊರೆಯಿಲ್ಲದ ಒಂದು ಸಾದಾ ಮಂಗಳವಾರವನ್ನೇ ಆರಿಸಿದರು. ದುಡ್ಡು ಕೂಡಿಸಿ ಸಾವಿರಾರು ಅಂಗಿ ಹೊಲಿಸಿ, ಪಾರ್ಕಿಂಗ್ ಜಾಗದಲ್ಲಿ ಪುಕ್ಕಟೆ ಹಂಚಿದರು.

ಮಗಳನ್ನು ಕರೆದುಕೊಂಡು ಹೋಗಿದ್ದೆ. ರೈಲು ಹೇವರ್ಡ್ ದಾಟುವ ಹೊತ್ತಿಗೆ ಡಬ್ಬಿ ತುಂಬ ಹಸಿರು. ಕಾಲುಸೇತುವೆಯ ಮೇಲೆ ಕಾಲಿಡಲು ಜಾಗವಿಲ್ಲ. ಎರಡೂ ಬದಿಯಲ್ಲಿ ಸಾಸೇಜು ಸುಡುವ ಗಾಡಿಗಳ ಹೊಗೆ, ಕೆಳಗೆ ಡೋಲಿನ ಸದ್ದು.

“ಅಪ್ಪಾ, ಇಷ್ಟು ಜನ ಇಷ್ಟು ದಿನ ಎಲ್ಲಿದ್ರು?” ಅಂದಳು.

“ಇಲ್ಲೇ ಇದ್ರು ಕಣಮ್ಮ. ಬರೋ ಹಾಗೆ ಮಾಡಿರಲಿಲ್ಲ, ಅಷ್ಟೆ” ಅಂದೆ.

ಎದುರಾಳಿ ಟ್ಯಾಂಪಾ ಬೇ ರೇಸ್. ಆ ಹೊತ್ತಿಗೆ ಲೀಗಿನಲ್ಲೇ ಎಲ್ಲರಿಗಿಂತ ಮುಂದಿದ್ದ ತಂಡ. ನಮ್ಮದು ಜೂನ್ ಮೊದಲ ವಾರದಲ್ಲಿ 62 ಆಟ ಆಡಿ 12 ಗೆದ್ದಿತ್ತು. ಆದರೆ ಅಲ್ಲಿಂದ ಮುಂದೆ ಆರು ಆಟ ಬಿಡದೆ ಗೆದ್ದುಕೊಂಡು ಬಂದಿತ್ತು. ಮೈದಾನದ ಮೇಲಿದ್ದ ಹುಡುಗರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಅದನ್ನು ಮರೆಯಬೇಡಿ. ಕನಿಷ್ಠ ಸಂಬಳಕ್ಕೆ ಮೈಮುರಿದು ಆಡುತ್ತಿದ್ದ ಹುಡುಗರು ಅವರು. ಅವರು ಹಿಡಿದ ಒಂದೊಂದು ಚೆಂಡಿಗೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಐದನೆಯ ಇನ್ನಿಂಗ್ಸ್ ಶುರುವಾದಾಗ ಮೊದಲೇ ಮಾತಾಡಿಕೊಂಡಂತೆ ಎಲ್ಲರೂ ಬಾಯಿ ಮುಚ್ಚಿದರು. ಮೊದಲ ಬ್ಯಾಟರ್ ಆಡಿ ಮುಗಿಸುವ ತನಕ ಮೌನ. ಇಪ್ಪತ್ತೇಳು ಸಾವಿರ ಜನ ಸುಮ್ಮನಾದರೆ ಹೇಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚೆಂಡು ಗ್ಲೌಸಿಗೆ ಬಡಿಯುವ ಸದ್ದು ಮೇಲಿನ ಸಾಲಿಗೂ ಕೇಳುತ್ತಿತ್ತು. ಎರಡನೆಯ ಬ್ಯಾಟರ್ ಬಂದ. ಎಲ್ಲರೂ ಎದ್ದು, ಒಂದೇ ಉಸಿರಿನಲ್ಲಿ, ‘ತಂಡ ಮಾರು, ತಂಡ ಮಾರು’. ಡೋಲು ಸೇರಿತು. ಕಾಂಕ್ರೀಟ್ ಅದುರುವುದು ಕಾಲಿಗೆ ಗೊತ್ತಾಗುತ್ತಿತ್ತು. ಹಿಂದಿನ ಸಾಲಿನ ಅಜ್ಜ ಒಬ್ಬರು, 1972ರ ತಂಡವನ್ನು ಇದೇ ಮೈದಾನದಲ್ಲಿ ನೋಡಿದವರು, ಕೋಲಿನಿಂದ ಮೆಟ್ಟಿಲು ಕುಟ್ಟುತ್ತಾ ಕೂಗುತ್ತಿದ್ದರು, ಕಣ್ಣಲ್ಲಿ ನೀರು. ನನ್ನ ಗಂಟಲೂ ಬಿದ್ದುಹೋಯಿತು. ಅಂಥ ಕೂಗನ್ನು ನಾನು ಯಾವ ಗೆಲುವಿನಲ್ಲೂ ಕೇಳಿಲ್ಲ.

ಆಟವನ್ನೂ ಗೆದ್ದೆವು, 2–1. ಸತತ ಏಳನೆಯ ಗೆಲುವು.

ಆ ದಿನವೇ ನೆವಾಡಾದ ಸೆನೆಟ್, ಲಾಸ್ ವೇಗಸ್ ಮೈದಾನಕ್ಕೆ 38 ಕೋಟಿ ಡಾಲರಿನವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮರುದಿನ ಕೆಳಮನೆ, ಅದರ ಮರುದಿನ ರಾಜ್ಯಪಾಲರ ಸಹಿ. ಆ ರಾತ್ರಿಯ ಟಿಕೆಟ್ಟಿನ ಎಂಟು ಲಕ್ಷ ಡಾಲರಿಗೂ ಮೀರಿದ ಹಣವನ್ನು ತಂಡ ನಮ್ಮ ಜಿಲ್ಲೆಯ ಆಹಾರ ನಿಧಿಗೆ ಮತ್ತು ಓಕ್‌ಲ್ಯಾಂಡಿನ ಶಾಲೆಗಳ ನಿಧಿಗೆ ಕೊಡುವುದಾಗಿ ಹೇಳಿತು. ಹಸಿದವರಿಗೆ, ಓದುವ ಮಕ್ಕಳಿಗೆ ಸೇರಿತಲ್ಲ, ಸಂತೋಷ. ಆದರೆ ನಾವು ಕೇಳಿದ್ದು ದಾನವಲ್ಲ. ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅದೇ ವಾರ, ಒಂದು ರಾತ್ರಿಗೆ ಸರಾಸರಿಯ ಹತ್ತಿರಹತ್ತಿರ ಜನ ಬಂದದ್ದು ಒಳ್ಳೆಯದೇ ಎಂಬ ಧಾಟಿಯಲ್ಲಿ ಮಾತಾಡಿದರು. ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ. ಕೆಲಸ ಮುಗಿಸಿ, ಮಕ್ಕಳನ್ನು ಕಟ್ಟಿಕೊಂಡು, ಕೈಯಿಂದ ಹಣ ಕೊಟ್ಟು ಬಂದ ಜನರ ಬಗ್ಗೆ ಆಡುವ ಮಾತೇ ಅದು?

ಮುಂದಿನದು ಬೇಗ ಮುಗಿಯಿತು. 2023ರ ನವೆಂಬರಿನಲ್ಲಿ ಮೂವತ್ತು ತಂಡಗಳ ಮಾಲೀಕರೂ ಒಮ್ಮತದಿಂದ ವಲಸೆಗೆ ಕೈ ಎತ್ತಿದರು. ಮೂವತ್ತರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. 2024ರ ಸೆಪ್ಟೆಂಬರ್ 26ರಂದು ಕಾಲಿಸಿಯಂನಲ್ಲಿ ಕೊನೆಯ ಆಟ. ಟೆಕ್ಸಸ್ ರೇಂಜರ್ಸ್ ವಿರುದ್ಧ 3–2ರಿಂದ ಗೆದ್ದೆವು, 46,889 ಜನ ಬಂದಿದ್ದರು. ಮುಗಿದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕು ಹಿಡಿದು ಜನರಿಗೆ ವಂದನೆ ಹೇಳಿ, ಅವರ ಜೊತೆ ಓಕ್‌ಲ್ಯಾಂಡಿಗೆ ಜೈಕಾರ ಕೂಗಿದರು. ಈಗ ತಂಡ ಸ್ಯಾಕ್ರಮೆಂಟೋದಲ್ಲಿ, ಕೆಳಗಿನ ಲೀಗಿನವರ ಚಿಕ್ಕ ಮೈದಾನವೊಂದರಲ್ಲಿ ಆಡುತ್ತಾ ವೇಗಸ್‌ನ ಕಟ್ಟಡಕ್ಕೆ ಕಾಯುತ್ತಿದೆ. ಹೆಸರಿನ ಮುಂದೆ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್.

ನಾನೀಗ ನೋಡುವುದು ಓಕ್‌ಲ್ಯಾಂಡ್ ಬಾಲರ್ಸ್ ತಂಡದ ಆಟ. ಅಥ್ಲೆಟಿಕ್ಸ್ ಹೊರಡುವುದು ಖಚಿತವಾದಾಗ ಇಲ್ಲಿಯವರೇ ಕಟ್ಟಿದ ತಂಡ ಅದು. 2024ರಲ್ಲಿ ಪಯೋನಿಯರ್ ಲೀಗಿಗೆ ಇಳಿಯಿತು. ಮೇಜರ್ ಲೀಗ್ ಅಲ್ಲ, ಅದರ ಹತ್ತಿರವೂ ಇಲ್ಲ. ವೆಸ್ಟ್ ಓಕ್‌ಲ್ಯಾಂಡಿನ ರೈಮಂಡಿ ಪಾರ್ಕ್ ಎಂಬ ಹಳೆಯ ಸಾರ್ವಜನಿಕ ಮೈದಾನವನ್ನು ಸರಿಪಡಿಸಿಕೊಂಡು ಆಡುತ್ತಾರೆ. ಅಭಿಮಾನಿಗಳಿಗೂ ಷೇರು ಮಾರಿದರು, ಮಾಲೀಕತ್ವದಲ್ಲಿ ಪಾಲು ಕೊಟ್ಟರು. ಕಾಲಿಸಿಯಂನ ಡೋಲಿನವರೂ ಅಲ್ಲಿಗೆ ಬಂದರು. 2025ರಲ್ಲಿ ಲೀಗಿನ ಕಪ್ಪನ್ನೂ ಗೆದ್ದರು. ಮಗಳು ಮನೆಗೆ ಬಂದಾಗಲೆಲ್ಲ ಇಬ್ಬರೂ ಹೋಗುತ್ತೇವೆ. ಸ್ಯಾಕ್ರಮೆಂಟೋಗೆ ಹೋಗುವ ರೈಲು ಕೂಡ ಓಕ್‌ಲ್ಯಾಂಡಿನಿಂದಲೇ ಸಿಗುತ್ತದೆ. ನಾನು ಹತ್ತಿಲ್ಲ, ಹತ್ತುವುದೂ ಇಲ್ಲ.