ಕಾಲಿನ ತಾಳ

ಪದ್ಯದ ಸಾಲಿಗೆ ಪಾದವೆಂದು ಹೆಸರಿಟ್ಟ ನಮ್ಮವರು ವಾದ್ಯದ ಬಳಿ ಮಾತ್ರ ಪಾದಕ್ಕೆ ಹೆಚ್ಚಿನ ಕೆಲಸ ಕೊಡಲಿಲ್ಲ. ಬಾದಾಮಿಯ ಮೊದಲನೆಯ ಗುಹೆಯಲ್ಲಿ 6ನೆಯ ಶತಮಾನದ ಶಿಲ್ಪಿ 18 ತೋಳುಗಳ ನಟರಾಜನನ್ನು ಕಂಡರಿಸಿದ್ದಾನಷ್ಟೆ. ಅಲ್ಲಿಯೂ ಪಕ್ಕದ ವಾದ್ಯಗಾರ ಬಾರಿಸುವುದು ಕೈಯಿಂದಲೇ. ಹೆಜ್ಜೆಯ ಹೊಣೆಯೆಲ್ಲ ಶಿವನದು. ನಮ್ಮ ಕಡೆಯ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ಪಾದಕ್ಕೆ ಗಾಳಿ ಹಾಕುವ ಚಾಕರಿಯನ್ನೇನೋ ಕೊಟ್ಟಿತು. ತಾಳ ಹಿಡಿಯುವ ಅಧಿಕಾರವನ್ನು ಕೊಡಲಿಲ್ಲ.

ಪಾಶ್ಚಾತ್ಯರಲ್ಲಿಯೂ ಬಹುಕಾಲ ದೊಡ್ಡ ಡ್ರಮ್ಮಿಗೆ ಒಬ್ಬ, ಚಿಕ್ಕದಕ್ಕೆ ಇನ್ನೊಬ್ಬ ಬೇಕಾಗುತ್ತಿತ್ತು. ಇಲ್ಲವಾದರೆ ಒಬ್ಬನೇ ಎರಡಕ್ಕೂ ಕೈ ಹಂಚಿ ಪರದಾಡಬೇಕಿತ್ತು. ಕಾಲಿನಿಂದ ಬಾರಿಸುವ ಉಪಾಯಗಳು ಹಲವು ನಡೆದಿದ್ದರೂ, 1909ರಲ್ಲಿ ಚಿಕಾಗೋದ ವಿಲಿಯಂ ಲುಡ್ವಿಗ್ ತನ್ನ ಸಹೋದರನೊಡನೆ ಕಂಪನಿ ತೆರೆದು ಮಾರಿದ ವೇಗದ ಪೆಡಲು ವಾದಕರ ಮನಸ್ಸನ್ನು ಗೆದ್ದಿತು. ಇಬ್ಬರ ಕೆಲಸ ಒಬ್ಬನ ಪಾಲಿಗೆ ಬಂತು.

ಈ ಇತಿಹಾಸವನ್ನು ನಾನು ಓದಬೇಕಾದುದು ಮಗನ ದೆಸೆಯಿಂದ. ಬನಶಂಕರಿಯ ಜಾತ್ರೆಯಲ್ಲಿ ನಾಟಕ ನೋಡಿ ಬಂದವನಿಗೆ ನಾಯಕನೂ ನೆನಪಿರಲಿಲ್ಲ, ನಾಯಕಿಯೂ ನೆನಪಿರಲಿಲ್ಲ. ವಾದ್ಯಗಾರ ಮಾತ್ರ ನೆನಪಿದ್ದ. ಒಂದು ವರ್ಷ ಕಳೆದರೂ ಹಂಬಲ ಅಳಿಯದಿರಲು, ಅವನ ಮುತ್ಯಾ—ಇಲಕಲ್ಲಿನಲ್ಲಿ ನೇಕಾರರಾದ ನನ್ನ ಮಾವನವರು—ಸೀರೆಯ ಮಜೂರಿಯಲ್ಲಿ ಉಳಿಸಿದ ಹಣವನ್ನು ಮುಂದೆ ಚಾಚಿದರು. ಆ ಹಣ ಹಗುರವಾದುದಲ್ಲ. ಅದನ್ನು ಕೊಳ್ಳುವ ವಸ್ತುವೂ ವ್ಯರ್ಥವಾಗಕೂಡದು.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ, ಬಾಡಿಗೆಯ ಮಹಡಿಯ ಮೇಲೆ. ಕೆಳಗೆ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಆದುದರಿಂದ ಇಲೆಕ್ಟ್ರಾನಿಕ್ ಡ್ರಮ್ ಸೆಟ್ಟೇ ಸರಿಯೆಂದಾಯಿತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಸದ್ದೆಲ್ಲ ಬಾರಿಸುವವನಿಗೇ ಮೀಸಲು. ತೊಡಕು ಬಂದುದು ಪೆಡಲಿನಲ್ಲಿ.

ಹುಬ್ಬಳ್ಳಿಯ ಅಂಗಡಿಯವರು ಮೂರು ಬಗೆಗಳನ್ನು ಮುಂದಿಟ್ಟರು. ಮೊದಲನೆಯದು ಅಗ್ಗದ ಸೆಟ್ಟುಗಳೊಡನೆಯೇ ಬರುವಂಥದು: ಒಂದು ಹಲಗೆ, ಅದರಡಿಯಲ್ಲಿ ಸ್ವಿಚ್ಚಿನಂಥ ಸಾಧನ, ಹೊಡೆಯುವ ಕೋಲೇ ಇಲ್ಲ. ಸದ್ದು ಅತ್ಯಲ್ಪ. ಎರಡನೆಯದರಲ್ಲಿ ಚಿಕ್ಕ ಕೋಲೊಂದು ಪೆಡಲಿನ ಒಡಲಲ್ಲಿಯೇ ಅಡಗಿ ಬಡಿಯುತ್ತದೆ. ಸದ್ದು ಕಡಿಮೆ, ಬೆಲೆ ಹೆಚ್ಚು. ಮೂರನೆಯದು ನಿಜವಾದ ಡ್ರಮ್ಮಿನ ಪೆಡಲೇ. ತುಳಿದರೆ ಸರಪಳಿ ಎಳೆದು, ಬೀಟರೆಂಬ ಗುಂಡುತಲೆಯ ಕೋಲು ನೆಟ್ಟಗೆ ನಿಂತ ಪ್ಯಾಡಿಗೆ ಬಡಿಯುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ.

ನಾನು ಮಾಸ್ತರರ ಮಧ್ಯಾಹ್ನದ ನಿದ್ರೆಯನ್ನು ನೆನೆದು ಮೊದಲನೆಯದರತ್ತ ಒಲಿದಿದ್ದೆ. ಮಾವನವರು ಚಪ್ಪಲಿ ಬಿಟ್ಟು ಅದರ ಮೇಲೆ ಪಾದವಿರಿಸಿದರು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಒಂದು ಹಲಗೆ ತುಳಿದು ಹಾಸಿನೆಳೆ ಬಿಡಿಸಿ, ಲಾಳಿ ದಾಟಿಸಿ, ಇನ್ನೊಂದನ್ನು ತುಳಿಯುತ್ತ ಆಯುಷ್ಯ ಕಳೆದ ಪಾದವದು. ನಾಲ್ಕು ಸಲ ತುಳಿದು ತಲೆಯಾಡಿಸಿದರು.

"ಇದಕ ಜೀವ ಇಲ್ಲ, ತಮ್ಮಾ. ತುಳಿದದ್ದು ತಿರುಗಿ ಕಾಲಿಗೆ ಬರಬೇಕು. ಬರಲಿಲ್ಲಂದ್ರ ಕಾಲು ಏನ ಕಲೀತದ?"

ಅಂಗಡಿಯವರೂ ಒಪ್ಪಿದರು. ಇಂಥ ಹಲಗೆಯಲ್ಲಿ ಪಳಗಿದ ಕಾಲಿಗೆ ಮುಂದೆ ನಿಜವಾದ ಬೀಟರಿನ ತೂಕವೂ ಮರುಪುಟಿತವೂ ಹೊಸದಾಗಿ ತೋರುತ್ತವೆ. ಅಭ್ಯಾಸವನ್ನು ಮತ್ತೆ ತಿದ್ದಬೇಕಾಗುತ್ತದೆ. ಎರಡನೆಯ ಬಗೆ ನಮ್ಮ ಗಂಟಿಗೆ ಮೀರಿದ್ದರಿಂದ ಮೂರನೆಯದೇ ನಿಶ್ಚಯವಾಯಿತು.

ಅಲ್ಲಿಯೂ ಆಯ್ಕೆಯುಂಟು. ಎರಡು ಕಾಲಿನ ಜೋಡಿ ಪೆಡಲಿಗೆ ಹುಡುಗ ಕಣ್ಣಿಟ್ಟಿದ್ದ. ಒಂದು ಕಾಲು ತಾಳಕ್ಕೆ ನಿಲ್ಲುವ ಮುನ್ನ ಎರಡನೆಯದರ ಆಸೆ ಸಲ್ಲದೆಂದು ಬಿಡಿಸಿದೆವು. ಸರಪಳಿ ಒಂದೆಳೆಯದಾದರೂ ಆರಂಭಿಕನಿಗೆ ಸಾಕು. ನೋಡಬೇಕಾದುದು ಬೇರೆ: ಸ್ಪ್ರಿಂಗಿನ ಬಿಗಿತವನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಇರಬೇಕು, ತಳಕ್ಕೆ ಗಟ್ಟಿ ತಗಡಿದ್ದರೆ ಪೆಡಲು ಓಲಾಡುವುದಿಲ್ಲ, ಹಿಡಿಕೆ ಪ್ಯಾಡಿನ ಅಂಚನ್ನು ಭದ್ರವಾಗಿ ಕಚ್ಚಬೇಕು. ಜಾಲರಿ ಹೊದಿಸಿದ ಪ್ಯಾಡಾದರೆ ಉಣ್ಣೆಯ ತಲೆಯ ಬೀಟರಿನಿಂದ ಅದು ಸವೆಯಬಹುದು. ಪ್ಲಾಸ್ಟಿಕ್ ತಲೆಯದು ಲೇಸು. ಸ್ಪ್ರಿಂಗನ್ನು ಮೊದಲು ನಡುವಣ ಬಿಗಿತದಲ್ಲಿಟ್ಟು, ಹಿಮ್ಮಡಿ ಊರಿ ನಿಧಾನವಾಗಿ ತುಳಿಯುವುದು ಒಳ್ಳೆಯ ಆರಂಭ.

ಇನ್ನುಳಿದುದು ಮಾಸ್ತರರ ನಿದ್ರೆ. ಹೆಡ್‌ಫೋನ್ ಸಂಗೀತವನ್ನು ಬಚ್ಚಿಡುತ್ತದೆಯೇ ಹೊರತು ಕಾಲಿನ ಏಟನ್ನಲ್ಲ. ಅದು ನೆಲದ ಮೂಲಕ ಕೆಳಗಿಳಿಯುತ್ತದೆ. ಪೆಡಲು ಹೊರತೆಗೆಯುವ ಮೊದಲೇ ನಾನೂ ಮಗನೂ ಕೆಳಗಿಳಿದು ಸಂಗತಿಯನ್ನು ಅರಿಕೆ ಮಾಡಿಕೊಂಡೆವು. ಅವರು ಸಂಜೆ 5ರಿಂದ 6ರವರೆಗೆ ಅಪ್ಪಣೆಯಿತ್ತರು. ದಪ್ಪ ರಬ್ಬರು ಚಾಪೆ, ಅದರ ಮೇಲೊಂದು ಜಮಖಾನೆ ಹಾಸಿ ಆರಂಭಿಸಿದೆವು. ಸದ್ದು ತಗ್ಗಿತು, ಪೂರ್ಣ ಅಳಿಯಲಿಲ್ಲ.

ಎಂಟನೆಯ ದಿನ ಮಾಸ್ತರರು ಮೆಟ್ಟಿಲ ಬಳಿ ನನ್ನನ್ನು ತಡೆದು ನಿಲ್ಲಿಸಿದರು. ದೂರೇ ಇರಬೇಕೆಂದು ಕೈಮುಗಿಯಲು ಅಣಿಯಾದೆ.

"ಸರ, ನಿಮ್ಮ ಹುಡುಗ ಮೂರನೇ ಏಟಿಗೆ ಅವಸರ ಮಾಡ್ತಾನ್ರಿ" ಎಂದರು ಅವರು. "ನಾನು ಕೆಳಗ ಕುಂತು ಎಣಿಸಾಕ ಹತ್ತೇನಿ."