ಬರೆಯ ಕೆಳಗಿನ ಮನೆ

ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ನನ್ನ ಹಿಂದೆ ಒಳಗೆ ಬನ್ನಿ. ಚಾವಡಿಯ ಕೆಂಪು ನೆಲ ಬೆವರಿದೆ, ಕಾಲಿಟ್ಟಲ್ಲೆಲ್ಲ ಪಾದದ ಅಚ್ಚು ಮೂಡುತ್ತದೆ. ಅಂಗಳದ ಶೀಟಿನ ಮೇಲೆ ಆಟಿ ತಿಂಗಳ ಮಳೆ ಹೊಯ್ಯುವ ಸದ್ದಿಗೆ ಮಾತು ಕೇಳಿಸುತ್ತಿಲ್ಲ. ಹಾಗಾಗಿ ಮೊದಲು ಮೂಗಿಗೆ ಕೆಲಸ ಕೊಡಿ. ಒಣಗದ ಬಟ್ಟೆ, ಒಲೆಯ ಹೊಗೆ, ಬೂಷ್ಟು ಹಿಡಿದ ಗೋಡೆ, ಅಟ್ಟದ ಮೇಲಿನ ಅಡಿಕೆ ಗೋಣಿ. ಈ ತಿಂಗಳಲ್ಲಿ ನಮ್ಮ ಕಡೆಯ ಯಾವ ಮನೆಗೆ ಹೋದರೂ ಇದೇ ವಾಸನೆ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದಿದೆ. ಆಗಷ್ಟೇ ತೋಡಿದ ಬಾವಿಗೆ ಬಗ್ಗಿದರೆ ಮುಖಕ್ಕೆ ಹೊಡೆಯುತ್ತದಲ್ಲ, ಆ ತಣ್ಣನೆಯ ಹಸಿಮಣ್ಣಿನ ವಾಸನೆ. ಅದು ಅಡುಗೆಕೋಣೆಯಿಂದ ಬರುತ್ತಿದೆ.

ಬೆಳಿಗ್ಗೆ ಮೂಡುಬಿದಿರೆಯಲ್ಲಿ ನೋಡಿದ ಹಂಚಿನ ಮನೆಯಲ್ಲಿ ಇದು ಇರಲಿಲ್ಲ. ಅಲ್ಲಿ ಏಣಿ ಹತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಪಕ್ಕಾಸನ್ನು ತಟ್ಟಿದೆವು. ಗಟ್ಟಿ ಮರ ಟಣ್ ಎಂದಿತು, ಒರಲೆ ತಿಂದದ್ದು ಡಬ್ ಎಂದು ಸದ್ದನ್ನು ನುಂಗಿತು. ಎರಡು ಪಕ್ಕಾಸು, ನಾಲ್ಕು ರೀಪು, ಒಡೆದ ಹಂಚುಗಳನ್ನು ಬದಲಿಸಿದರೆ ಆ ಮನೆ ಇನ್ನೂ ಹಲವು ಮಳೆಗಾಲ ಕಾಣುತ್ತದೆ. 1430ರಲ್ಲಿ ಅದೇ ಊರಲ್ಲಿ ಸಾವಿರ ಕಂಬದ ಬಸದಿ ಕಟ್ಟಿದವರೂ ಮಾಡಿಗೆ ಇಳಿಜಾರು ಕೊಟ್ಟೇ ಕಟ್ಟಿದರು. ಮಾಡಿನ ರೋಗಕ್ಕೆ ಮದ್ದುಂಟು. ನನಗೆ ಹೆದರಿಕೆ ಈ ಮನೆಯ ಹಿಂಬದಿಯದು.

ಅಜ್ಜಿ ಅಡುಗೆಕೋಣೆಯ ಹಿಂಬಾಗಿಲನ್ನು ಭುಜ ಕೊಟ್ಟು ತಳ್ಳುತ್ತಾರೆ. "ಮಳೆಗಾಲ ಅಲ್ವಾ ಇಂಜಿನಿಯರ್ರೇ, ಮರ ಉಬ್ಬಿದೆ." ಇರಬಹುದು. ಆದರೆ ಟಾರ್ಚಿನ ಬೆಳಕು ಬಿಟ್ಟು ನೋಡಿ. ಉಬ್ಬಿದ ಬಾಗಿಲು ಅಂಚಿನುದ್ದಕ್ಕೂ ಒಂದೇ ಸಮನೆ ಉಜ್ಜಬೇಕು. ಇದು ಮೇಲಿನ ಮೂಲೆಯಲ್ಲಿ ಮಾತ್ರ ಕಚ್ಚಿಕೊಂಡಿದೆ, ಕೆಳಗೆ ಬೆರಳು ತೂರುವಷ್ಟು ಸಂದು. ಉಬ್ಬಿದ್ದು ಮರವಲ್ಲ, ಓರೆಯಾದದ್ದು ದಾರಂದ.

ಹೊರಗೆ ಗೋಡೆಗೂ ಕಡಿದ ಗುಡ್ಡದ ಬರೆಗೂ ನಡುವೆ ನಾಲ್ಕೇ ಅಡಿ. ಬೆನ್ನು ಗೋಡೆಗೆ ಒತ್ತಿಕೊಳ್ಳಿ. ಮೂರಾಳೆತ್ತರದ ಬರೆ ನಿಮ್ಮ ಮೂಗಿನ ಮುಂದೆ ನೇರ ನಿಂತಿದೆ. ಎರಡು ವರ್ಷದ ಹಿಂದೆ ಒಂದು ಕೋಣೆ ಹೆಚ್ಚು ಬೇಕೆಂದು ಜೆಸಿಬಿ ತರಿಸಿ ಗುಡ್ಡದ ಬುಡ ಕಡಿಸಿದ್ದಾರೆ. ಮೇಲೆ ಮುರಕಲ್ಲಿನ ಗಟ್ಟಿ ಪದರ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಪಟ್ಟೆಗಳ ಶೇಡಿ ಮಣ್ಣು. ಬೇಸಿಗೆಯಲ್ಲಿ ಹಾರೆಗೂ ಜಗ್ಗದ ಮಣ್ಣು ಇದು, ನೀರು ಕುಡಿಯಿತೋ ಅಂಬಲಿ. ಹೆಬ್ಬೆರಳು ಒತ್ತಿ ನೋಡಿ. ಗೆಣ್ಣಿನವರೆಗೆ ಹೋಯಿತಲ್ಲ?

ಬುಡದಲ್ಲಿ ಒಸರು ಹರಿಯುತ್ತಿದೆ. "ಅದು ಪ್ರತಿ ವರ್ಷ ಉಂಟು," ಎನ್ನುತ್ತಾರೆ ಅಜ್ಜಿ. ಅವರ ಸೊಸೆ ಮಾತಾಡದೆ ಸ್ಟೀಲಿನ ಲೋಟವೊಂದನ್ನು ಒಸರಿಗೆ ಹಿಡಿದು ನನ್ನ ಕೈಗೆ ಕೊಡುತ್ತಾಳೆ. ಕೆಂಪು ನೀರು, ತಳದಲ್ಲಿ ಕೆಸರು. "ನಿನ್ನೆಯವರೆಗೆ ಪಾತ್ರೆ ತೊಳೆಯುವಷ್ಟು ತಿಳಿ ಇತ್ತು," ಎನ್ನುತ್ತಾಳೆ. ಅವಳ ತವರು ಬೆಳ್ತಂಗಡಿಯ ಚಾರ್ಮಾಡಿ. 2019ರ ಆಗಸ್ಟಿನಲ್ಲಿ ಘಟ್ಟ ಜರಿದು ಹೊಳೆಗಳು ಮರ, ಬಂಡೆ, ಮಣ್ಣು ಹೊತ್ತು ತೋಟಗಳಿಗೆ ನುಗ್ಗಿದ್ದನ್ನು ಕಂಡವಳು. ಒಸರು ಕೆಂಪಾಯಿತೆಂದರೆ ಗುಡ್ಡ ಒಳಗಿನಿಂದ ಕರಗುತ್ತಿದೆಯೆಂದು ಅವಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ಮೇಲೆ ಹೋಗಲೇಬೇಕು. ಬರೆಯ ಬದಿಯಿಂದ ಸುತ್ತಿ ಹತ್ತಿ, ಬೇರು ಹಿಡಿದುಕೊಳ್ಳಿ. ಇಂಬಳ ಕಾಲಿಗೆ ಕಚ್ಚಿದರೆ ಕಚ್ಚಲಿ. ಮೇಲೆ ಅಡಿಕೆ ಮರಗಳ ಒಂದು ಸಾಲು ಮನೆಯ ಕಡೆ ವಾಲಿದೆ. ಅವುಗಳ ಹಿಂದೆ, ಉದುರಿದ ಎಲೆಗಳ ಕೆಳಗೆ, ಕುಡುಗೋಲಿನಂತೆ ಬಾಗಿದ ಬಿರುಕು. ಮಂಡಿಯೂರಿ ಕೈ ಇಳಿಸುತ್ತೇನೆ. ಮಣಿಕಟ್ಟು. ಮೊಣಕೈ. ತಳ ಸಿಗುವುದಿಲ್ಲ. ಬೆರಳಿಗೆ ಹರಿಯುವ ನೀರು ತಾಗುತ್ತದೆ, ಮಂಜಿನಷ್ಟು ತಣ್ಣಗೆ.

ಬರುವಾಗ ಬಂಟ್ವಾಳದಲ್ಲಿ ನೇತ್ರಾವತಿಯನ್ನು ನೋಡಿದಿರಿ. ಅಲ್ಲಿ ಹೊಳೆಯ ಅಪಾಯದ ಮಟ್ಟ 8.5 ಮೀಟರ್. ನೀರು ಅದರ ಹತ್ತಿರ ಬಂದರೆ ಸುದ್ದಿ ಹರಡುತ್ತದೆ, 1974ರ ನೆರೆಯ ನೆನಪಿರುವ ಪೇಟೆ ಸಾಮಾನು ಮೇಲೇರಿಸುತ್ತದೆ. ಈ ಬರೆಗೆ ಯಾರು ಅಳತೆಪಟ್ಟಿ ನೆಟ್ಟಿದ್ದಾರೆ? 2022ರ ಜುಲೈಯಲ್ಲಿ ಇದೇ ತಾಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಜರಿದು, ದುಡಿಯಲು ಬಂದಿದ್ದ ಕೇರಳದ ಮೂವರು ಮಣ್ಣಿನಡಿ ಸತ್ತರು. ಮರುವರ್ಷದ ಜುಲೈಯಲ್ಲಿ ನಂದಾವರದಲ್ಲಿ ಒಬ್ಬ ಮಹಿಳೆ. ಈಗ ಅಳತೆಪಟ್ಟಿ ಎಂದರೆ ಆ ಲೋಟ, ಆ ಬಾಗಿಲು, ಬಿರುಕಿಗೆ ಇಳಿದ ನನ್ನ ಕೈ.

ಕೆಳಗೆ ಇಳಿದಾಗ ಸಂಜೆ ಆರು. ಏಳಿ ಎಂದರೆ ಎಲ್ಲಿಗೆ? ಹಟ್ಟಿಯಲ್ಲಿ ಹಾಲು ಕರೆಯುವ ಎರಡು ದನ, ತೊಟ್ಟಿಲಲ್ಲಿ ಮಗು. ಎಬ್ಬಿಸಿದ ಮೇಲೆ ಬರೆ ಜರಿಯದಿದ್ದರೆ ಮುಂದಿನ ಸಲ ಯಾರೂ ನನ್ನ ಮಾತು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಟಾರ್ಪಾಲು ಹಾಸೋಣ ಎನ್ನಲು ನಾಲಗೆ ತುದಿಯವರೆಗೆ ಬಂದಿದೆ. ಬಾಯಿ ಒಣಗಿದೆ.

ಟಪ್. ಹಿಂಬದಿಯ ಶೀಟಿನ ಮೇಲೊಂದು ಕಲ್ಲು. ಮತ್ತೊಂದು. ನಂತರ ಹಿಡಿಯಷ್ಟು ಮಣ್ಣು ಸರ್ರೆಂದು ಜಾರುತ್ತದೆ.

"ಅಜ್ಜೀ, ಈಗಲೇ ಹೊರಡಬೇಕು. ನಾಳೆ ಅಲ್ಲ."

"ನಲವತ್ತು ವರ್ಷ ಆಯ್ತು ಮಗಾ, ಒಂದು ಹೆಂಟೆಯೂ ಬಿದ್ದದ್ದಿಲ್ಲ."

"ಆಗ ಗುಡ್ಡದ ಕಾಲು ಕಡಿದಿರಲಿಲ್ಲ."

ಸೊಸೆ ಆಗಲೇ ಮಗುವನ್ನು ಎತ್ತಿಕೊಂಡಿದ್ದಾಳೆ. ನೀವು ಹಟ್ಟಿಗೆ ಓಡಿ, ಹಗ್ಗ ಬಿಚ್ಚಿ, ಬರದಿದ್ದರೆ ಕೊಯ್ದುಬಿಡಿ. ನಾನು ಮೇನ್ ಸ್ವಿಚ್ ಇಳಿಸುತ್ತೇನೆ. ಕತ್ತಲು. ಔಷಧದ ಚೀಟಿ, ರೇಷನ್ ಕಾರ್ಡು, ಒಂದು ಚೀಲ. ಅಂಗಳಕ್ಕೆ! ರಸ್ತೆಯಾಚೆಯ ಮನೆಯವರು ಕೊಡೆ, ಟಾರ್ಚು ಹಿಡಿದು ಬರುತ್ತಿದ್ದಾರೆ. ತಲೆ ಎಣಿಸುತ್ತೇನೆ. ಒಬ್ಬರು ಕಡಿಮೆ.

ಅಜ್ಜಿ ಮುಂಬಾಗಿಲ ಬಳಿ ನಿಂತಿದ್ದಾರೆ, ಕೈಯಲ್ಲಿ ಬೀಗ. ಬಾಗಿಲು ಎಳೆದು ಚಿಲಕ ಹಾಕಲು ನೋಡುತ್ತಾರೆ. ಚಿಲಕ ತೂತಿಗೆ ಸೇರುವುದಿಲ್ಲ, ಒಂದು ಬೆರಳಿನಷ್ಟು ಕೆಳಗೆ ನಿಂತಿದೆ. ಮತ್ತೆ ಎಳೆಯುತ್ತಾರೆ.

"ಮಧ್ಯಾಹ್ನ ಹಾಕಿದ್ದೆನಲ್ಲ ಇದನ್ನು," ಎನ್ನುತ್ತಾರೆ, ನನ್ನ ಮುಖ ನೋಡಿ.

ನಾನು ಅವರ ಕೈಯಿಂದ ಬೀಗ ತೆಗೆದುಕೊಳ್ಳುತ್ತೇನೆ. "ಇರಲಿ ಅಜ್ಜಿ. ಕೈ ಕೊಡಿ, ಮೆಟ್ಟಿಲು ಜಾರುತ್ತದೆ."